ಬಾಲದ ದೋಣಿಯ ಅತಿಥಿ

ಬುಕಿಂಗ್ ಪಟ್ಟಿಯಲ್ಲಿದ್ದದ್ದು ಹೆಣ್ಣಿನ ಹೆಸರು. ಜೆಟ್ಟಿಗೆ ಬಂದು ನಿಂತವನು ಅವನು.

ಅವಳು ಬಗ್ಗಿ ಲೈಫ್ ಜಾಕೆಟ್‌ಗಳ ಬಕಲ್ ಎಳೆದೆಳೆದು ನೋಡುತ್ತಿದ್ದಳು. ಮೊದಲು ಕಣ್ಣಿಗೆ ಬಿದ್ದದ್ದು ಪಾಲಿಶ್ ಹಾಕಿದ ಕಪ್ಪು ಶೂ. ಕಾಯಕ್ ದೋಣಿ ಹತ್ತಲು ಚರ್ಮದ ಶೂ ಹಾಕಿಕೊಂಡು ಬರುವ ಮನುಷ್ಯ ಅವಳಿಗೆ ಗೊತ್ತಿದ್ದಂತೆ ಜಗತ್ತಿನಲ್ಲಿ ಒಬ್ಬನೇ. ತಲೆ ಎತ್ತುವ ಮೊದಲೇ ಅವಳ ಕಿವಿ ಬಿಸಿಯಾಗಿತ್ತು.

"ತಂಗಿ ಬುಕ್ ಮಾಡಿದ್ಲು. ಅವಳಿಗೆ ಬರೋಕಾಗ್ಲಿಲ್ಲ," ಎಂದ.

"ಸುಳ್ಳು."

ಅವನು ವಾಚ್ ನೋಡಿಕೊಂಡ. ಉತ್ತರ ಹೇಳುವ ಮೊದಲು ವಾಚ್ ನೋಡುವುದು ಅವನ ಹಳೇ ಚಾಳಿ. "ಹೌದು, ಸುಳ್ಳು. ನನ್ನ ಹೆಸರು ಕೊಟ್ಟಿದ್ರೆ ಸೀಟಿಲ್ಲ ಅಂತಿದ್ರಿ."

"ಈಗಲೂ ಇಲ್ಲ."

"ಬೋರ್ಡ್ ಮೇಲೆ ಒಂಬತ್ತು ಜನ ಅಂತಿದೆ. ಬಂದಿರೋದು ಎಂಟು. ಎಣಿಸಿದೆ."

"ಎಣಿಸೋದ್ರಲ್ಲಿ ನೀವು ಯಾವತ್ತೂ ಹುಷಾರು," ಎಂದಳು. "ಕೇಳೋದ್ರಲ್ಲಿ ಮಾತ್ರ..." ಮಾತನ್ನು ಅಲ್ಲಿಗೇ ತುಂಡರಿಸಿ ಅವನ ಎದೆಗೆ ಒಂದು ಜಾಕೆಟ್ ಎಸೆದಳು. ಉಳಿದ ಎಂಟು ಪ್ರವಾಸಿಗರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

ಎರಡು ವರ್ಷದ ಹಿಂದೆ ಅವನು ತನ್ನ ಪತ್ರಿಕೆಗೆ ಮ್ಯಾಂಗ್ರೋವ್ ಕಾಡಿನ ಮೇಲೆ ಲೇಖನಮಾಲೆ ಬರೆಯಲೆಂದು ಸತತ ಆರು ಶನಿವಾರ ಇಲ್ಲಿಗೆ ಬಂದಿದ್ದ. ಆರೂ ಸಲ ಅವಳ ದೋಣಿಯಲ್ಲೇ ಕುಳಿತಿದ್ದ. ಮರಗಳ ಹೆಸರು ಕೇಳಿದ, ಏಡಿಗಳ ಹೆಸರು ಕೇಳಿದ, ಆರನೇ ಶನಿವಾರ ಅವಳಿಗೆ ಕಾಫಿ ಇಷ್ಟವೋ ಟೀ ಇಷ್ಟವೋ ಎಂದೂ ಕೇಳಿದ. ಅವಳು ಅವನಿಗೆ ಗಡಿಯಾರ ಎಂದು ಹೆಸರಿಟ್ಟಳು. ಒದ್ದೆ ಕೂದಲು ಹಣೆಗೆ ಅಂಟಿಕೊಂಡಿದ್ದ ಅವಳ ನಗುಮುಖದ ಒಂದು ಫೋಟೊ ತೆಗೆದುಕೊಂಡು ಹೋದ.

ಏಳನೇ ಶನಿವಾರ ಅವನು ಬರಲಿಲ್ಲ. ಅವಳು ಎಂಟು ಪ್ರವಾಸಿಗರ ಜೊತೆ ಕಡಲ ನೀರು ಇಳಿದು ಬದಿ ಕಾಲುವೆಯ ಕೆಸರಿನಲ್ಲಿ ಒಂದೂವರೆ ಗಂಟೆ ಸಿಕ್ಕಿಬಿದ್ದದ್ದು ಅಂದೇ. ಯಾರಿಗೂ ಏನೂ ಆಗಲಿಲ್ಲ. ಸೋಮವಾರದ ಪತ್ರಿಕೆಯಲ್ಲಿ ಅರ್ಧ ಪುಟದ ವರದಿ ಬಂತು: 'ಇಳಿತದ ವೇಳೆ ನೋಡದ ಗೈಡ್'. ಕೆಳಗೆ ಅವನ ಹೆಸರು. ಪಕ್ಕದಲ್ಲಿ ಅದೇ ಫೋಟೊ.

ಎಂಟು ಜನ ಕೆಸರಿನಲ್ಲಿ ಒದ್ದಾಡಿದ ಸುದ್ದಿಯ ಪಕ್ಕ ನಗುವ ಮುಖ. ಓದಿದವರೆಲ್ಲ ಮೊದಲು ಉಗಿದದ್ದು ಆ ನಗುವಿಗೆ.

ಲೈಸೆನ್ಸ್ ಹದಿನಾಲ್ಕು ತಿಂಗಳು ಅಮಾನತಾಯಿತು. ಆ ಹದಿನಾಲ್ಕು ತಿಂಗಳೂ ಅವಳು, ಕಡಲತೀರದಲ್ಲಿ ಚಿಕ್ಕಮ್ಮ ನಡೆಸುವ ಅಡುಗೆಮನೆಯಲ್ಲಿ ಮೀನು ಕೊಯ್ದು ತೊಳೆದಳು. ಲೈಸೆನ್ಸ್ ಮರಳಿ ಕೊಡುವಾಗ, ಇನ್ನೊಂದು ದೂರು ಬಂದರೆ ಕಾಯಂ ರದ್ದು ಎಂದು ಬರೆಸಿಕೊಂಡಿದ್ದರು.

"ಏನಮ್ಮ ನಾದಿನಿ," ಎಂಬ ಪಿಸುಮಾತು ಬೆನ್ನ ಹಿಂದಿನಿಂದ ಬಂತು. ಅದು ಇನ್ನೊಬ್ಬ ಗೈಡ್, ಈ ದೋಣಿ ಪ್ರವಾಸ ನಡೆಸುವ ಚಿಕ್ಕಪ್ಪನ ಅಳಿಯ. ಉದ್ದ ಕಾಲಿನ ದೆಸೆಯಿಂದ ಊರಿಗೆಲ್ಲ ಕೊಕ್ಕರೆ, ಅವಳಿಗೆ ಭಾವ. "ಆ ಪೇಪರ್‌ನವನನ್ನ ನಾನು ಕೂರಿಸ್ಕೊಳ್ತೀನಿ. ನನ್ನ ಕಾಯಕ್ ಅಪ್ಪಿತಪ್ಪಿ ಮಗುಚಿದ್ರೂ ಯಾರೂ ಅನುಮಾನ ಪಡಲ್ಲ."

"ಬೇಡ ಭಾವ. ಒಂಟಿ ಅತಿಥಿ ಬಾಲದ ದೋಣಿಗೆ. ರೂಲ್ ಅಂದ್ರೆ ರೂಲ್."

ಬಾಲದ ದೋಣಿ ಎಂದರೆ ಸಾಲಿನ ಕೊನೆಯ ದೋಣಿ. ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಗ್ಗ, ಟಾರ್ಚ್, ಕುಡಿಯುವ ನೀರು, ವಾಕಿಟಾಕಿ ಅದರಲ್ಲೇ ಇರುತ್ತವೆ. ಜೋಡಿಯಿಲ್ಲದೆ ಬಂದವರು ಅದರ ಮುಂದಿನ ಸೀಟಿನಲ್ಲಿ ಕೂರುತ್ತಾರೆ, ಗೈಡ್ ಹಿಂದಿನದರಲ್ಲಿ.

ಶೆಡ್ಡಿನ ಗೋಡೆಗೆ ಬಂದರು ಕಚೇರಿಯ ಉಬ್ಬರ-ಇಳಿತದ ವೇಳಾಪಟ್ಟಿ ಅಂಟಿಸಿತ್ತು. ಅಂದು ಪೂರ್ಣ ಇಳಿತ ಸಂಜೆ ಆರೂ ಕಾಲಿಗೆ. ಆದರೆ ಅದು ಬಂದರಿನ ಬಾಯಿಯ ಲೆಕ್ಕ. ಅಂಕುಡೊಂಕು ಕಾಲುವೆಗಳಲ್ಲಿ ಸುತ್ತಿ ಕಾಡಿನ ನೀರು ಹೊರಬೀಳಲು ಇನ್ನೂ ಐವತ್ತು ನಿಮಿಷ ಬೇಕು. ಹಾಗಾಗಿ ಒಳಗಿನ ಇಳಿತ ಏಳೂ ಐದಕ್ಕೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲೂ, ಮುಕ್ಕಾಲು ಗಂಟೆ ಆಮೇಲೂ ಬದಿ ಕಾಲುವೆಯಲ್ಲಿ ಬರೀ ಕೆಸರು. ಇದು ಯಾವ ಪುಸ್ತಕದಲ್ಲೂ ಇಲ್ಲ. ಇಲ್ಲಿ ದೋಣಿ ನಡೆಸುವವರಿಗೆ ಗೊತ್ತು, ಅಷ್ಟೆ.

ಆರೂ ಇಪ್ಪತ್ತರಿಂದ ಏಳೂ ಐವತ್ತು. ಸರಿಯಾಗಿ ಒಂದೂವರೆ ಗಂಟೆ.

"ಶೂ ಬಿಚ್ಚಿ," ಎಂದಳು ಅವನಿಗೆ. ಅಷ್ಟು ಮೃದುವಾಗಿ ಅವಳು ಆ ವಾರವೆಲ್ಲ ಯಾರೊಂದಿಗೂ ಮಾತಾಡಿರಲಿಲ್ಲ.

ಸೇಡು ತೀರಿಸಿಕೊಳ್ಳಲು ಹೊರಟವಳು ಹಿಂದಿನ ಸೀಟಿನಲ್ಲಿ ಕೂರಬಾರದು. ಮುಕ್ಕಾಲು ಗಂಟೆಯಿಂದ ಅವನ ಕತ್ತು ಅವಳ ಕಣ್ಣೆದುರಿಗೇ ಇತ್ತು. ಕಾಲರಿನ ಮೇಲೆ, ಮೊದಲು ಇರದಿದ್ದ ನಾಲ್ಕೈದು ಬಿಳಿ ಕೂದಲು. ಪ್ಯಾಡಲ್ ಎಳೆದಾಗಲೆಲ್ಲ ಹೆಗಲ ಮೂಳೆ ಅಂಗಿಯಡಿ ಎದ್ದು ಮಲಗುತ್ತಿತ್ತು. ಅವಳು ದೃಷ್ಟಿಯನ್ನು ನೀರಿಗೆ ತಿರುಗಿಸಿದಳು. ನೀರಿನಲ್ಲೂ ಅವನೇ, ತಲೆಕೆಳಗಾಗಿ.

"ಎಡಕ್ಕೆ ಜಾಸ್ತಿ ಎಳೀತಿದೀರಿ."

"ಎರಡು ವರ್ಷದಿಂದ ಅಭ್ಯಾಸ ಇಲ್ಲ."

"ಬೇರೆ ಯಾರ ದೋಣಿಯೂ ಸಿಗ್ಲಿಲ್ವಾ?"

"ಸಿಗ್ತಿತ್ತು. ಹತ್ತಲಿಲ್ಲ."

ಅವಳು ಬೇಕೆಂದೇ ಪ್ಯಾಡಲನ್ನು ಅಡ್ಡ ಹೊಡೆದಳು. ತಣ್ಣನೆಯ ನೀರು ಅವನ ಬೆನ್ನಿಗೆ ಬಡಿಯಿತು. ಬೆಚ್ಚಿದ, ಆದರೆ ತಿರುಗಲಿಲ್ಲ. ಕಿವಿಯ ಕೆಳಗೆ ಕೆನ್ನೆ ಉಬ್ಬಿದ್ದು ಮಾತ್ರ ಕಂಡಿತು.

"ನಗಬೇಡಿ."

"ಹಿಂದೆ ಕೂತು ಹೇಗೆ ಗೊತ್ತಾಯ್ತು?"

"ಗೈಡ್ ನಾನು. ಎಲ್ಲ ನೋಡ್ತೀನಿ. ವೇಳೆನೂ ನೋಡ್ತೀನಿ."

ಉಬ್ಬಿದ್ದ ಕೆನ್ನೆ ಇಳಿಯಿತು. ಅವಳಿಗೆ ಹಿತವಾಯಿತು, ಮರುಗಳಿಗೆ ಆ ಹಿತ ಸಾಲದೆನಿಸಿತು.

ಎರಡೂ ಬದಿಯಲ್ಲಿ ಮರಗಳು ತಮ್ಮ ಬೇರುಗಳ ಮೇಲೆ ನೆಲ ಬಿಟ್ಟು ನಿಂತಿದ್ದವು. ಬೇರುಗಳ ಸಂದಿಯಿಂದ ಬಿಸಿಲು ಓರೆಯಾಗಿ ಬಂದು ನೀರಿನ ಮೇಲೆ ಕಿತ್ತಳೆ ಪಟ್ಟಿಗಳನ್ನು ಹಾಸಿತ್ತು. ಬೇರಿನ ಮೇಲಿನ ಒದ್ದೆ ಗುರುತು ನೀರಿಗಿಂತ ಒಂದು ಗೇಣು ಮೇಲಿತ್ತು. ಅವಳಿಗೆ ಗಡಿಯಾರ ಬೇಕಿರಲಿಲ್ಲ.

ಐದೂ ಐವತ್ತೈದಕ್ಕೆ ಕಾಲುವೆ ಕವಲೊಡೆಯುವಲ್ಲಿಗೆ ಬಂದರು. ಅಲ್ಲಿಂದ ಮುಂದೆ ದೊಡ್ಡ ಕಾಲುವೆ ನೇರ, ಆಳ, ತುದಿಯಲ್ಲಿ ಬೀಚು ಕಾಣುತ್ತದೆ. ಯಾರೂ ದಾರಿ ತಪ್ಪುವಂತಿಲ್ಲ. ಅವಳು ವಾಕಿಟಾಕಿ ಎತ್ತಿಕೊಂಡಳು.

"ಭಾವ, ಎಲ್ಲರನ್ನೂ ಕರ್ಕೊಂಡು ನೀವು ಬೀಚಿಗೆ ನಡೀರಿ. ನಾನು ಇವ್ರಿಗೆ ಬದಿ ಕಾಲುವೆಲಿ ಬೆಳ್ಳಕ್ಕಿ ತೋರಿಸಿ ಬರ್ತೀನಿ."

"ಈಗಲಾ? ಟೈಮ್ ನೋಡಿದ್ಯಾ?"

"ನೋಡೇ ಹೇಳ್ತಿರೋದು."

"ಹುಷಾರಮ್ಮ," ಎಂದ ಭಾವ. ಯಾರು ಹುಷಾರಾಗಿರಬೇಕು ಎಂದು ಹೇಳಲಿಲ್ಲ.

ಬದಿ ಕಾಲುವೆಯಲ್ಲಿ ಕೊಂಬೆಗಳು ತಲೆಯ ಮೇಲೆ ಕೂಡಿಕೊಂಡಿದ್ದವು. ಬೆಳ್ಳಕ್ಕಿಗಳು ಎರಡು, ಮೂರು, ಹತ್ತಾಗಿ ಬಂದು ಕೂರುತ್ತಿದ್ದವು. ಅವನು ವಾಚ್ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಮುಚ್ಚಿದ. ಹಕ್ಕಿಗಳನ್ನು ಕಂಡು ಮಾತು ನಿಂತಿದೆ ಎಂದುಕೊಂಡಳು ಅವಳು.

ಆರೂ ಇಪ್ಪತ್ತಕ್ಕೆ ದೋಣಿಯ ತಳಕ್ಕೆ ನೆಲ ತಾಗಿತು. ಮೆತ್ತನೆಯ ಸದ್ದು. ಹಿಂದೆ ಹೋಗುವಂತಿಲ್ಲ, ಇಳಿದು ನಡೆಯುವಂತಿಲ್ಲ. ಕಾಲಿಟ್ಟರೆ ತೊಡೆಯವರೆಗೆ ಕೆಸರು.

ಈ ಗಳಿಗೆಯ ಮಾತನ್ನು ಅವಳು ಮೀನು ಕೊಯ್ಯುತ್ತ ಹದಿನಾಲ್ಕು ತಿಂಗಳು ತಿದ್ದಿ ಇಟ್ಟುಕೊಂಡಿದ್ದಳು.

"ಇಳಿತ," ಎಂದಳು. "ನಿಮ್ಮ ಪಟ್ಟಿ ಪ್ರಕಾರ ಆರೂ ಕಾಲಿಗೇ ಮುಗೀತಲ್ವಾ? ಈಗ ನೀರು ಏರಬೇಕು. ಏರಿಸಿ ನೋಡೋಣ."

"ಏಳೂ ಐವತ್ತಕ್ಕೆ ದೋಣಿ ತೇಲುತ್ತೆ," ಎಂದ ಅವನು.

ಅವಳ ಕೈಯ ಪ್ಯಾಡಲ್ ಅಲ್ಲೇ ನಿಂತಿತು.

ಅವನು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕುಳಿತ. ಎರಡು ವರ್ಷದ ಮೇಲೆ ಮುಖಾಮುಖಿ. "ಬಂದರಿಗಿಂತ ಐವತ್ತು ನಿಮಿಷ ತಡ. ನಾನು ಅಳೆದಾಗ ನಲವತ್ತೆಂಟರಿಂದ ಐವತ್ತಮೂರು ಬಂತು. ಹಳೇ ಸೇತುವೆ ಮೇಲೆ ಹನ್ನೊಂದು ದಿನ ಕೂತಿದ್ದೆ."

"ಯಾವಾಗ?"

"ವರದಿ ಬಂದು ಐದು ತಿಂಗಳಿಗೆ. ಒಬ್ಬರು ವಯಸ್ಸಾದ ಮೀನುಗಾರರು ಆಫೀಸಿಗೆ ಫೋನ್ ಮಾಡಿ, ಬಂದರಿನ ಟೈಮು ಕಾಡಿನೊಳಗೆ ನಡೆಯಲ್ಲ ಕಣಪ್ಪಾ, ಆ ಹುಡುಗಿನ ಸುಮ್ನೆ ಹಾಳು ಮಾಡ್ದೆ ಅಂದ್ರು. ಬಂದು ನೋಡಿದೆ. ಅವತ್ತು ನೀವು ಮೂರೂವರೆಗೆ ಒಳಗೆ ಹೋಗಿದ್ರಿ. ಪಟ್ಟಿಲಿ ಇಳಿತ ನಾಲ್ಕೂ ನಲವತ್ತಕ್ಕಿತ್ತು. ನಾಲ್ಕಕ್ಕೆಲ್ಲ ನೀರು ಖಾಲಿ, ಗೊತ್ತಿದ್ದೂ ನುಗ್ಗಿದಾರೆ ಅಂತ ಬರೆದೆ. ನಿಜವಾಗಿ ನಿಮಗೆ ನಾಲ್ಕೂ ಮುಕ್ಕಾಲರವರೆಗೆ ನೀರಿತ್ತು. ತಪ್ಪು ನಂದು. ತಿದ್ದುಪಡಿ ಹಾಕಿಸಿದೆ."

"ನೋಡಿದೆ. ಒಂಬತ್ತನೇ ಪುಟ, ನಾಲ್ಕು ಸಾಲು. ಕಳೆದುಹೋದ ಅಂಕಪಟ್ಟಿ ಪ್ರಕಟಣೆ ಕೆಳಗೆ. ಅರ್ಧ ಪುಟ ನೋಡಿ ಲೈಸೆನ್ಸ್ ಕಿತ್ಕೊಂಡೋರಿಗೆ ಅದು ಕಣ್ಣಿಗೇ ಬೀಳ್ಲಿಲ್ಲ."

"ಅಷ್ಟೇ ಜಾಗ ಕೊಟ್ರು."

"ಅರ್ಧ ಪುಟ ಯಾರು ಕೊಟ್ಟಿದ್ದು?"

"ಅವರೇ."

ಅವಳಿಗೆ ಇನ್ನೊಂದು ಹೊಳೆಯಿತು. "ಹಾಗಾದ್ರೆ ಈ ಕಾಲುವೆಗೆ ತಿರುಗಿಸಿದಾಗ್ಲೇ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಬಾಯಿಬಿಡ್ಲಿಲ್ಲ?"

"ನನಗೆ ಬರಬೇಕಾದ್ದೇ ಅನಿಸ್ತು."

"ಅಂದ್ರೆ ನನ್ನ ಸೇಡನ್ನೂ ನೀನೇ ಒಪ್ಪಿಗೆ ಕೊಟ್ಟು ನಡೆಸ್ತಿದೀಯಾ?" ಅವಳು ದೋಣಿಯಾಚೆ ಕೈ ಹಾಕಿ ಒಂದು ಬೊಗಸೆ ಕೆಸರೆತ್ತಿ ಎಸೆದಳು. ಅದು ಅವನ ಕಾಲರಿಗೆ ಬಿತ್ತು. ಇನ್ನೊಂದು ಎದೆಗೆ. ಮೂರನೆಯದು ತಡೆಯಲು ಎತ್ತಿದ ಕೈಗೆ.

"ಇನ್ನೂ ಇದೆಯಾ?" ಎಂದ.

"ಕಾಲುವೆ ತುಂಬ ಇದೆ."

ಆದರೂ ನಾಲ್ಕನೆಯದನ್ನು ಎಸೆಯಲಿಲ್ಲ. ಕೊಂಬೆಗಳ ಕಿಂಡಿಯಲ್ಲಿ ಸೂರ್ಯ ಅರ್ಧ ಇಳಿದಿದ್ದ. ಆ ಬೆಳಕು ಅವನ ಮುಖಕ್ಕೆ ಸಿಡಿದ ಕೆಸರಿಗೂ ಬಣ್ಣ ಹಚ್ಚಿತ್ತು. ಇಷ್ಟು ಚೆನ್ನಾಗಿ ಕಾಣುವ ಹಕ್ಕು ಇವನಿಗಿಲ್ಲ ಎಂದು ಅವಳಿಗೆ ಸಿಟ್ಟು ಬಂತು.

"ಬಂದರು ಕಚೇರಿಗೆ ಫೋನ್ ಮಾಡಿದೆ," ಎಂದಳು. ದನಿ ಈಗ ತಗ್ಗಿತ್ತು. "ಲೈಸೆನ್ಸ್ ಕಚೇರಿಗೆ ಮಾಡಿದೆ. ಆ ಎಂಟು ಜನರಲ್ಲಿ ಮೂವರಿಗೆ ಮಾಡಿದೆ. ನನ್ನ ನಂಬರೂ ನಿನ್ನ ಹತ್ರ ಇತ್ತು. ನಾನು ಎರಡು ದಿನ ಫೋನ್ ಕೈಯಲ್ಲಿ ಹಿಡ್ಕೊಂಡೇ ಕೂತಿದ್ದೆ. ಎಲ್ಲರನ್ನೂ ಕೇಳಿದೋನು ನನ್ನನ್ಯಾಕೆ ಕೇಳ್ಲಿಲ್ಲ?"

ಅವನು ವಾಚ್ ನೋಡಿದ. ಅದರ ಮೇಲೂ ಕೆಸರು. ಸಮಯ ಕಾಣಲಿಲ್ಲ.

"ಕೇಳಿದ್ರೆ ನಂಬಿಬಿಡ್ತಿದ್ದೆ."

"ಏನು?"

"ನೀನು ಹಲೋ ಅನ್ನೋದ್ರೊಳಗೆ ನಂಬಿಬಿಡ್ತಿದ್ದೆ. ಆರು ವಾರದಿಂದ ನನಗೆ ನಿನ್ನ ಬಿಟ್ಟು ಬೇರೆ ಯೋಚನೆ ಇರ್ಲಿಲ್ಲ. ಅಂಥವನು ಬರೆದಿದ್ದು ವರದಿ ಅನಿಸ್ಕೊಳ್ಳಲ್ಲ. ಪಕ್ಷಪಾತ ಆಗಬಾರದು ಅಂತ ನಿನ್ನನ್ನ ದೂರ ಇಟ್ಟೆ. ಫೋಟೊ ಹಾಕಿದ್ದು ಡೆಸ್ಕಿನವರು. ಅದನ್ನ ತೆಗೆದು ಆಫೀಸಿಗೆ ಕೊಟ್ಟಿದ್ದು ನಾನೇ."

ಎರಡು ವರ್ಷ ಅವಳು, ಇವನಿಗೆ ನಾನು ಏನೂ ಅಲ್ಲ ಎಂದು ನಂಬಿದ್ದಳು. ಆ ನಂಬಿಕೆಯ ಮೇಲೆ ಕೋಪ ನೆಟ್ಟಗೆ ನಿಂತಿತ್ತು. ಈಗ ಇವನು ಹೇಳುತ್ತಿರುವುದು ಅದಕ್ಕಿಂತ ಕೆಟ್ಟದ್ದು.

"ಪ್ರೀತಿ ಇಲ್ದೇ ಇದ್ದಿದ್ರೆ ಕೇಳ್ತಿದ್ದೆ."

"ಹೌದು."

"ಪ್ರೀತಿ ಇದ್ದಿದ್ದಕ್ಕೆ ನಾನು ಹದಿನಾಲ್ಕು ತಿಂಗಳು ಮೀನು ತೊಳೆದೆ."

"ಹೌದು."

ಅವಳಿಗೆ ನಗು ಬಂತು. ಅದು ಅಳುವಿನ ಪಕ್ಕದಲ್ಲೇ ಇದ್ದ ನಗು. ಅವನು ನೋಡದಿರಲಿ ಎಂದು ಮುಖ ತಿರುಗಿಸಿದಳು. ಸೂರ್ಯ ಮುಳುಗಿ ಆಗಿತ್ತು.

ವಾಕಿಟಾಕಿ ಗೊರಗುಟ್ಟಿತು. ಚಿಕ್ಕಪ್ಪ. "ಎಲ್ಲಿದೀಯ? ಎಲ್ಲರೂ ಊಟಕ್ಕೆ ಕೂತಾಯ್ತು."

ಅವಳು ಬಟನ್ ಒತ್ತುವ ಮೊದಲು ಅವನು ಮುಂದಕ್ಕೆ ಬಾಗಿದ. "ನನ್ನ ಫೋನ್ ನೀರಿಗೆ ಬಿತ್ತು, ಹುಡುಕ್ತಾ ತಡ ಆಯ್ತು ಅಂತ ಹೇಳು."

"ಯಾಕೆ?"

"ನಾನು ಅವತ್ತು ತಪ್ಪು ಬರೆದಿದ್ದೆ. ಇವತ್ತು ನೀನು ಅದನ್ನ ನಿಜ ಮಾಡಿದೀಯ."

ಅವಳು ನಿಮಿಷ ಲೆಕ್ಕ ಹಾಕಿದ್ದಳು, ಕೆಸರಿನ ಆಳ ಲೆಕ್ಕ ಹಾಕಿದ್ದಳು. ಇದನ್ನು ಹಾಕಿರಲಿಲ್ಲ. ಅತಿಥಿಯನ್ನು ಇಳಿತದ ಹೊತ್ತಿಗೆ ಬದಿ ಕಾಲುವೆಗೆ ಒಯ್ದ ಗೈಡ್. ಒಂದು ದೂರು ಸಾಕು, ಲೈಸೆನ್ಸ್ ಕಾಯಂ ಹೋಗುತ್ತದೆ. ದೂರು ಕೊಡಬಲ್ಲವನು ಎದುರಿಗೇ ಕುಳಿತು ಅವಳಿಗೊಂದು ಸುಳ್ಳನ್ನು ಕಾಣಿಕೆ ಕೊಡುತ್ತಿದ್ದಾನೆ.

"ಸುಳ್ಳು ಹೇಳೋದು ಯಾವಾಗ ಕಲಿತೆ?"

"ಇವತ್ತು ಸಂಜೆ ಐದಕ್ಕೆ. ತಂಗಿ ಬುಕ್ ಮಾಡಿದ್ಲು ಅಂದೆನಲ್ಲ."

ಇವನ ಋಣ ಬೇಡ. ಅವಳು ಬಟನ್ ಒತ್ತಿದಳು. "ಚಿಕ್ಕಪ್ಪ, ಬದಿ ಕಾಲುವೆ ಕೆಸರಲ್ಲಿ ಕೂತಿದೀವಿ. ಜೊತೆಗಿರೋದು ಆ ಪೇಪರ್‌ನವರು. ನಾನೇ ಬೇಕಂತ ಕರ್ಕೊಂಡು ಬಂದೆ. ಏಳೂ ಐವತ್ತಕ್ಕೆ ನೀರು ಬರುತ್ತೆ, ಆಮೇಲೆ ಬರ್ತೀವಿ."

ವಾಕಿಟಾಕಿಯಲ್ಲಿ, ಚಿಕ್ಕಪ್ಪನ ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು. "ಇನ್ನೊಂದು ಗಂಟೆ ಅಲ್ಲೇ ಇಟ್ಕೊಳ್ಳೋಕೆ ಹೇಳಿ ಅವನನ್ನ."

ಬೀಚಿನಲ್ಲಿ ಮರಳಿನ ಮೇಲೆ ಉದ್ದದ ಎರಡು ಮೇಜು ಹಾಕಿದ್ದರು. ಮೇಲೆ ಕಟ್ಟಿದ ಹಗ್ಗದಿಂದ ದೀಪಗಳು ನೇತಾಡುತ್ತಿದ್ದವು. ಕೆಂಡದ ಮೇಲೆ ಮೀನು, ಬೇಯಿಸಿದ ಆಲೂಗಡ್ಡೆ, ಬ್ರೆಡ್, ಹೆಚ್ಚಿಟ್ಟ ನಿಂಬೆ. ಕೆಸರು ಮೆತ್ತಿಕೊಂಡ ಇಬ್ಬರು ದೋಣಿ ಎಳೆದು ತಂದಾಗ ಎಂಟೂ ಜನರ ಫೋರ್ಕುಗಳು ನಿಂತವು.

ಚಿಕ್ಕಪ್ಪ ಎದ್ದು ಬಂದರು. "ನಾಳೆಯಿಂದ ಒಂದು ತಿಂಗಳು ನೀನು ದೋಣಿ ಮುಟ್ಟೋ ಹಾಗಿಲ್ಲ."

"ಸರಿ ಚಿಕ್ಕಪ್ಪ."

ಅವನ ಕಡೆ ತಿರುಗಿದರು. "ದೂರು ಕೊಡೋ ಹಕ್ಕು ನಿಮಗಿದೆ. ಫಾರಂ ಶೆಡ್ಡಲ್ಲಿದೆ."

"ಕೊಡಲ್ಲ."

"ಅದು ಅವರಿಷ್ಟ," ಎಂದಳು ಅವಳು. "ನನಗೆ ಬೇಕಾಗಿರೋದು ಬೇರೆ. ನನ್ನೊಬ್ಬಳನ್ನ ಯಾಕೆ ಕೇಳ್ಲಿಲ್ಲ ಅಂತ ಇಲ್ಲಿ ನಿಂತು ಹೇಳಬೇಕು. ಎಲ್ಲರಿಗೂ ಕೇಳೋ ಹಾಗೆ."

ಚಿಕ್ಕಮ್ಮ ಕೈಯಲ್ಲಿ ಇಕ್ಕಳ ಹಿಡಿದೇ ಕೆಂಡದ ಬಳಿಯಿಂದ ಬಂದರು. ಅವನು ಮೇಜಿನ ತುದಿಯಲ್ಲಿ ನಿಂತ. ಬರಿಗಾಲು, ಕತ್ತಿನವರೆಗೆ ಕೆಸರು. ವರದಿ ಓದುವವನಂತೆ ಶುರುಮಾಡಿದ: ಎಷ್ಟು ಜನರನ್ನು ಕೇಳಿದೆ, ಯಾವ ಪಟ್ಟಿ ನೋಡಿದೆ, ಎಲ್ಲಿ ತಪ್ಪಿದೆ. "ಆದರೆ ದೋಣಿ ನಡೆಸಿದವರನ್ನೇ ಕೇಳಲಿಲ್ಲ."

"ಯಾಕೆ?" ಎಂದರು ಚಿಕ್ಕಮ್ಮ.

ಅವನು ಏನೋ ಗೊಣಗಿದ.

"ಜೋರಾಗಿ," ಎಂದಳು ಅವಳು. "ಆ ಕಡೆ ಮೇಜಿಗೆ ಕೇಳಿಸ್ತಿಲ್ಲ." ಎರಡು ವರ್ಷ ಕಾದದ್ದು ಈ ರುಚಿಗೆ. ಅದು ಅಂದುಕೊಂಡಿದ್ದಕ್ಕಿಂತ ಸಿಹಿಯಾಗಿತ್ತು, ಅಂದುಕೊಂಡಿರದ ಕಡೆ ಸಿಹಿಯಾಗಿತ್ತು.

"ಇವರ ಮೇಲೆ ನನಗೆ ಪ್ರೀತಿ ಇತ್ತು. ಕೇಳಿದ್ರೆ ಇವರ ಪರ ವಾಲಿಬಿಡ್ತೀನಿ ಅಂತ ಹೆದರಿದೆ."

"ಇತ್ತು ಅಂದ್ರೆ?" ಎಂದ ಭಾವ, ಬಾಯಲ್ಲಿ ಬ್ರೆಡ್ ಇಟ್ಟುಕೊಂಡೇ. "ಈಗ?"

"ಈಗಲೂ ಇದೆ. ಆದರೆ ಅದನ್ನ ನೆಪ ಅಂತ ಹೇಳ್ತಿಲ್ಲ. ನಾನು ಮಾಡಿದ್ದು ಅನ್ಯಾಯ."

ಚಿಕ್ಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಪ್ರೀತಿ ಮಾಡಿ ಹುಡುಗಿನ ನನ್ನ ಅಡುಗೆಮನೆಗೆ ತಳ್ಳಿದೆ. ದ್ವೇಷ ಮಾಡಿದ್ರೆ ಎಲ್ಲಿಗಪ್ಪ ತಳ್ತಿದ್ದೆ?"

ಪ್ರವಾಸಿಗರಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ. ಅವನು ನಗಲಿಲ್ಲ. ಚಿಕ್ಕಮ್ಮ ಇಕ್ಕಳದಲ್ಲಿ ಆರಿಸಿ ಆರಿಸಿ, ಒಂದು ಬದಿ ಸೀದುಹೋದ ಮೀನನ್ನು ತಂದು ಅವನ ತಟ್ಟೆಗೆ ಹಾಕಿದರು. ಅವನು ಅದನ್ನು ಮುಳ್ಳಿನವರೆಗೆ ತಿಂದ.

ಅತಿಥಿಗಳು ವ್ಯಾನ್ ಹತ್ತಲು ಎದ್ದಾಗ ಅವನು ಏಳಲಿಲ್ಲ. ಅವಳು ಮೇಜಿನ ಎದುರು ಬದಿಯಲ್ಲಿ ಇನ್ನೂ ಊಟ ಮಾಡುತ್ತಿದ್ದಳು. ಅವನು ಜೇಬಿನಿಂದ ನೋಟ್‌ಬುಕ್ ತೆಗೆದ. ಹಾಳೆಗಳು ಅಂಟಿಕೊಂಡಿದ್ದವು, ಒಂದನ್ನು ಮೆಲ್ಲಗೆ ಬಿಡಿಸಿದ.

"ಅವತ್ತು ಏನಾಯ್ತು?" ಎಂದು ಕೇಳಿದ.

ಅವಳು ತಲೆ ಎತ್ತಲಿಲ್ಲ. ಆ ಪ್ರಶ್ನೆ ಬರಲು ಎರಡು ವರ್ಷ ಹಿಡಿದಿತ್ತು. ಉತ್ತರಕ್ಕೆ ಅವಳಿಗೂ ಅವಸರವಿರಲಿಲ್ಲ. ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟಳು. ಆಲೂಗಡ್ಡೆ ಮುಗಿಸಿದಳು. ಬ್ರೆಡ್ಡಿನಿಂದ ತಟ್ಟೆ ಒರೆಸಿದಳು. ಅವನು ಪೆನ್ ಹಿಡಿದು ಕಾದ. ಕೈ ತೊಳೆದು ಬಂದವಳು ಎದುರಿಗೆ ಕೂರದೆ, ಬೆಂಚಿನ ಮೇಲೆ ಅವನ ಪಕ್ಕ ಕುಳಿತಳು. ಪೆನ್ನನ್ನು ಅವನ ಬೆರಳುಗಳಿಂದ ಬಿಡಿಸಿ ಮೇಜಿನ ಮೇಲಿಟ್ಟಳು. ಬೆರಳುಗಳನ್ನು ಮಾತ್ರ ಬಿಡಲಿಲ್ಲ.

"ಬರ್ಕೋಬೇಡ. ಕೇಳು. ಮೂರೂವರೆಗೆ ಒಳಗೆ ಹೋದ್ವಿ. ನಾಲ್ಕೂ ಹತ್ತಕ್ಕೆ ವಾಪಸ್ ತಿರುಗಿಸ್ತಿದ್ದೆ, ಒಬ್ಬರು ಅಜ್ಜಿದು ಉಂಗುರ ನೀರಿಗೆ ಬಿತ್ತು. ಅದನ್ನ ಬಿಟ್ಟು ಬರಲ್ಲ ಅಂತ ಅತ್ರು. ನಾನು ಇಳಿದು ಕೆಸರಲ್ಲಿ ಕೈಯಾಡಿಸಿ ಹುಡುಕೋಕೆ ಶುರುಮಾಡಿದೆ."

"ಸಿಕ್ತಾ?"

"ಮಧ್ಯೆ ಬಾಯಿ ಹಾಕಬೇಡ."

ಅವನು ಬಾಯಿ ಮುಚ್ಚಿದ. ಅವಳು ಮುಂದುವರಿಸಿದಳು.